ಬಾರ್ಟೊಲೊಮೆ ದ್ವೀಪಕ್ಕೆ ಹೊರಡುವ ಮುಂಚೆ ಮಾಸ್ಕ್ ನೋಡಿಕೊಳ್ಳಿ

ಎಕ್ವಡಾರ್ ದೇಶದ ಗಲಾಪಗೋಸ್ ದ್ವೀಪಸಮೂಹದ ಈ ಪುಟ್ಟ ಜ್ವಾಲಾಮುಖಿ ದ್ವೀಪದಲ್ಲಿ ತಂಗಲು ಜಾಗವಿಲ್ಲ, ಪರವಾನಗಿ ಪಡೆದ ಗೈಡ್ ಜೊತೆಗಿಲ್ಲದೆ ಕಾಲಿಡುವಂತೆಯೂ ಇಲ್ಲ. ಸಾಂತಾ ಕ್ರೂಸ್ ದ್ವೀಪದ ಪುಯೆರ್ಟೊ ಅಯೋರಾ ಊರಿನಲ್ಲಿ ಉಳಿದು ಒಂದು ದಿನದ ಟೂರ್ ಹಿಡಿಯಬೇಕು: ಬೆಳಿಗ್ಗೆ ಬಸ್ಸಿನಲ್ಲಿ ಇಟಬಾಕಾ ಕಾಲುವೆ, ಅಲ್ಲಿಂದ ಸುಮಾರು ಎರಡು ಗಂಟೆ ಬೋಟು. ವಾಂತಿಯ ಭಯವಿದ್ದರೆ ವೈದ್ಯರು ಹೇಳಿದ ಮಾತ್ರೆಯನ್ನು ಮುಂಚೆಯೇ ನುಂಗಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಸ್ನಾರ್ಕ್ಲಿಂಗ್‌ಗೆ, ಅಂದರೆ ಮುಖ ನೀರಿನಲ್ಲಿಟ್ಟು ಕೊಳವೆಯಿಂದ ಉಸಿರಾಡುತ್ತಾ ಈಜುವುದಕ್ಕೆ, ಅಂಗಡಿಯಲ್ಲಿ ಬಾಡಿಗೆಗೆ ಸಿಗುವ ಗಾಜಿನ ಮಾಸ್ಕನ್ನು ಹಿಂದಿನ ಸಂಜೆಯೇ ಪರೀಕ್ಷಿಸಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಬೀಳದಿದ್ದರೆ ಅದು ನಿಮ್ಮ ಮುಖದ್ದು. ಸೋರುವ ಮಾಸ್ಕಿನ ಪಟ್ಟಿ ಬಿಗಿದರೆ ಅಂಚಿನ ಸಿಲಿಕೋನ್ ಮಡಚಿ ಇನ್ನಷ್ಟು ಸೋರುತ್ತದೆ. ಮೀಸೆ ದಪ್ಪಗಿದ್ದರೆ ಮೂಗಿನ ಕೆಳಗೆ ತೆಳುವಾಗಿ ವ್ಯಾಸಲಿನ್ ಸವರಿ. ಹಣೆಗೂದಲು ಒಳಗೆ ಸಿಕ್ಕಿಕೊಳ್ಳದಿರಲಿ. ನೀರಿಗಿಳಿಯುವ ಮುನ್ನ ಗಾಜಿನ ಒಳಗೆ ಉಗುಳಿ ಉಜ್ಜಿ ತೊಳೆದರೆ ಮಂಜು ಕಟ್ಟುವುದಿಲ್ಲ. ಅಸಹ್ಯವೆನಿಸಬಹುದು, ಎಲ್ಲರೂ ಮಾಡುವುದು ಅದನ್ನೇ.

ದೋಣಿ ಹತ್ತಿ ಇಳಿಯುವಾಗ ನಾವಿಕನ ಬೆರಳು ಹಿಡಿಯಬೇಡಿ, ಮುಂಗೈ ಹಿಡಿಯಿರಿ. ಒದ್ದೆ ಬೆರಳು ಜಾರುತ್ತದೆ. ದ್ವೀಪದ ತುದಿಗೆ ಹತ್ತುವ ಮರದ ಮೆಟ್ಟಿಲು ಮುನ್ನೂರೈವತ್ತಕ್ಕೂ ಹೆಚ್ಚು, ಎತ್ತರ 114 ಮೀಟರ್, ನೆರಳು ಎಲ್ಲೂ ಇಲ್ಲ. ಒಬ್ಬರಿಗೆ ಒಂದು ಲೀಟರ್ ನೀರು ಬೇಕು. ಲಾವಾ ಹಲ್ಲಿ, ಲಾವಾ ಕಳ್ಳಿ ದಾರಿ ಬದಿಯಲ್ಲೇ ಕಾಣುತ್ತವೆ. ಮೆಟ್ಟಿಲು ಬಿಟ್ಟು ಇಳಿಯಬೇಡಿ, ಬೂದಿಮಣ್ಣು ಬೇಗ ಕುಸಿಯುತ್ತದೆ.

ಸ್ನಾರ್ಕ್ಲಿಂಗ್ ಉತ್ತರದ ಕಡಲತಡಿಯಲ್ಲಿ, ಪಿನಾಕಲ್ ಎಂಬ ಚೂಪು ಬಂಡೆಯ ಬುಡದವರೆಗೆ. ಕಾಲಿಗೆ ಫಿನ್ (ಈಜಲು ಹಾಕುವ ರಬ್ಬರ್ ರೆಕ್ಕೆ) ಹಾಕಿದ ಮೇಲೆ ಹಿಮ್ಮುಖವಾಗಿ ನಡೆದು ನೀರಿಗಿಳಿಯಿರಿ. ಜೂನ್‌ನಿಂದ ನವೆಂಬರ್‌ವರೆಗೆ ಹಂಬೋಲ್ಟ್ ಎಂಬ ತಣ್ಣನೆಯ ಸಾಗರ ಪ್ರವಾಹದಿಂದ ನೀರು 20 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಬಹಳ ಜನ ಬೇಗ ಮೇಲೆ ಬರುವುದು ದಣಿವಿಗಲ್ಲ, ಈ ಚಳಿಗೆ. ಚಳಿ ತಡೆಯುವ ಈಜುಡುಗೆ ವೆಟ್‌ಸೂಟ್ ಮೈಗೆ ಅಂಟಿಕೊಂಡಿರಬೇಕು. ಸಡಿಲವಾದರೆ ತಣ್ಣೀರು ಒಳಗೆ ಹರಿದಾಡುತ್ತದೆ.

ಪೆಂಗ್ವಿನ್ ಕಂಡರೆ ಬೆನ್ನಟ್ಟಬೇಡಿ, ಅದರ ವೇಗ ನಿಮಗೆ ಸಿಗುವುದಲ್ಲ. ಬಂಡೆಯ ಬಳಿ ಕೈಕಾಲು ಆಡಿಸದೆ ತೇಲಿ. ಸಣ್ಣ ಮೀನಿನ ಹಿಂಡು ಇದ್ದಲ್ಲಿಗೆ ಅದೇ ಬರುತ್ತದೆ, ಒಮ್ಮೊಮ್ಮೆ ಕೈಗೆಟಕುವಷ್ಟು ಹತ್ತಿರ. ಆದರೂ ಮುಟ್ಟುವಂತಿಲ್ಲ, ಎರಡು ಮೀಟರ್ ಅಂತರ ಗಲಾಪಗೋಸ್ ರಾಷ್ಟ್ರೀಯ ಉದ್ಯಾನದ ನಿಯಮ, ಫ್ಲ್ಯಾಶ್ ನಿಷಿದ್ಧ.

ದಕ್ಷಿಣದ ಕಡಲತಡಿಯಲ್ಲಿ ಈಜುವಂತಿಲ್ಲ. ಅಲ್ಲಿ ದಡದಲ್ಲೇ ನಿಂತು ಆಳವಿಲ್ಲದ ನೀರಿನಲ್ಲಿ ಶಾರ್ಕ್, ತೊರಕೆ ಮೀನುಗಳನ್ನು ಹುಡುಕಿ. ವಾಪಸಾಗುವಾಗ ಬೋಟಿನ ಹಿಂಬದಿಯ ಸೀಟು ಹಿಡಿಯಿರಿ, ಅಲೆಗೆ ಮುಂಬದಿಯೇ ಹೆಚ್ಚು ಎಗರುತ್ತದೆ.