ಪಾಲು ದಾವೆ ಮುಗಿಯುತ್ತಿಲ್ಲವೇ? ಮಾನವ ಹಕ್ಕು ಆಯೋಗಕ್ಕೆ ಬರೆಯುವ ಮೊದಲು ಇದನ್ನು ಮಾಡಿ

ಆಳಂದ ಕಡೆಯ ಹಿರಿಯರೊಬ್ಬರು ಕಳೆದ ತಿಂಗಳು ಚೀಲದ ತುಂಬ ಕಾಗದ ತಂದು ನನ್ನ ಮೇಜಿನ ಮೇಲೆ ಸುರಿದರು. ನಾಲ್ಕೆಕರೆ ತೊಗರಿ ಹೊಲದ ಪಾಲು ದಾವೆ. 2009ರಲ್ಲಿ ಹಾಕಿದ್ದು. ‘ಕೋರ್ಟಿಗಿ ತಿರುಗಿ ತಿರುಗಿ ಸಾಕಾಗ್ಯಾದ. ಮಾನವ ಹಕ್ಕಿನವ್ರಿಗಿ ಒಂದ್ ಅರ್ಜಿ ಬರ್ದ್ ಕೊಡ್ರಿ ಸರ’ ಎಂದರು.

ಅರ್ಜಿ ಬರೆಯುವುದು ಹತ್ತು ನಿಮಿಷದ ಕೆಲಸ. ಆದರೆ ಅದರಿಂದ ಏನೂ ಆಗುವುದಿಲ್ಲ ಅಂತ ಗೊತ್ತಿದ್ದೂ ಬರೆದು ಕೊಟ್ಟರೆ ಅದು ಮೋಸ ಅಲ್ವಾ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ನಿಯಮಗಳ ಪ್ರಕಾರ, ಕೋರ್ಟಿನಲ್ಲಿರುವ ವಿಷಯವನ್ನು ಆಯೋಗ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆಸ್ತಿಯ ಸಿವಿಲ್ ತಕರಾರನ್ನೂ ಮುಟ್ಟುವುದಿಲ್ಲ. ಜೊತೆಗೆ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೇ ಒಂದು ಗಡುವಿದೆ. ಘಟನೆ ನಡೆದು ಒಂದು ವರ್ಷ ದಾಟಿದ್ದರೆ ವಿಚಾರಣೆ ಇಲ್ಲ. ಬೆಂಗಳೂರಿನಲ್ಲಿರುವ ರಾಜ್ಯ ಆಯೋಗಕ್ಕೂ ಈ ಗಡುವು ಅನ್ವಯಿಸುತ್ತದೆ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಯುರೋಪಿನಲ್ಲಿ ಇಂಥ ದೂರು ನಿಜಕ್ಕೂ ನಡೆಯುತ್ತದೆ. ಅಲ್ಲಿನ ಮಾನವ ಹಕ್ಕು ಒಪ್ಪಂದದ 6ನೇ ವಿಧಿ, ಸಿವಿಲ್ ಕೇಸೂ ಸಮಂಜಸ ಕಾಲದಲ್ಲಿ ಮುಗಿಯಬೇಕು ಎನ್ನುತ್ತದೆ. ಎಳೆದಾಡಿದರೆ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಸರ್ಕಾರದಿಂದ ಪರಿಹಾರ ಕೊಡಿಸುತ್ತದೆ. ಇಟಲಿಯಿಂದ ಇಂಥ ದೂರು ಎಷ್ಟು ಹೋದವೆಂದರೆ, 2001ರಲ್ಲಿ ಆ ದೇಶ ತನ್ನಲ್ಲೇ ಪರಿಹಾರ ಕೊಡಲು ಪಿಂಟೊ ಕಾನೂನು ಮಾಡಿಕೊಂಡಿತು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ‘ವಿಶ್ವಸಂಸ್ಥೆಗೇ ಬರೆಯಿರಿ’ ಎನ್ನುವ ವಾಟ್ಸ್‌ಆ್ಯಪ್ ಸಲಹೆಯೂ ಸುಮ್ನೆ. ನಾಗರಿಕ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1979ರಲ್ಲಿ ಸೇರಿದೆ. ಆದರೆ ಒಬ್ಬೊಬ್ಬ ವ್ಯಕ್ತಿ ಅಲ್ಲಿಗೆ ದೂರು ಕೊಡಲು ಬಿಡುವ ಪೂರಕ ಒಪ್ಪಂದವನ್ನು ಒಪ್ಪಿಲ್ಲ.

ಹೊಲದ ಜಗಳದಲ್ಲಿ ಠಾಣೆಗೆ ಹೋದವರನ್ನು ಪೊಲೀಸರೇ ಹೊಡೆದು ಕಳಿಸಿದರೆ ಅದು ಬೇರೆ ಮಾತು. ಅದು ಆಯೋಗದ ಕೆಲಸವೇ. ಕನ್ನಡದಲ್ಲೇ ಬರೆಯಿರಿ, ಶುಲ್ಕವಿಲ್ಲ.

ತಡ ಯಾರದು? ಮೊದಲು ಲೆಕ್ಕ ಹಾಕಿ

ಫೋನಿನಲ್ಲಿ ಇ-ಕೋರ್ಟ್ಸ್ ಸರ್ವೀಸಸ್ ಆ್ಯಪ್ ಹಾಕಿಕೊಳ್ಳಿ. ನಿಮ್ಮ ದಾವೆಗೆ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಅದು ಗೊತ್ತಿಲ್ಲದಿದ್ದರೆ ಓ.ಎಸ್. (ಮೂಲ ದಾವೆ) ನಂಬರ್ ಮತ್ತು ವರ್ಷ ಹಾಕಿ, ಇಲ್ಲವೇ ಹೆಸರು ಹಾಕಿ ಹುಡುಕಿ. ಕೇಸಿನ ಇತಿಹಾಸದಲ್ಲಿ ತಾರೀಖುಗಳ ಪಟ್ಟಿ ಬರುತ್ತದೆ. ಒಂದೊಂದು ತಾರೀಖು ಒತ್ತಿದರೆ ಅವತ್ತು ಏನಾಯಿತು ಅಂತ ಒಂದೆರಡು ಸಾಲು ಕಾಣುತ್ತದೆ. ಹಳೆಯ ತಾರೀಖು ಅಲ್ಲಿ ಸಿಗದಿದ್ದರೆ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ಆದೇಶ ಹಾಳೆಯ ದೃಢೀಕೃತ ನಕಲು ತೆಗೆಸಿ. ಇದೇ ಮುಖ್ಯ ಕಾಗದ.

ಈಗ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಗೆರೆ ಎಳೆಯಿರಿ: ನಮ್ಮ ಕಡೆ, ಎದುರಿನ ಕಡೆ, ಕೋರ್ಟು, ಸರ್ಕಾರಿ ಕಚೇರಿ. ಪ್ರತಿ ವಾಯಿದೆ ಯಾರಿಂದ ಬಿತ್ತು ಅಂತ ಗುರುತು ಹಾಕಿ. ಆ ಹಿರಿಯರ ಜೊತೆ ಕೂತು ಇದನ್ನೇ ಮಾಡಿದೆ. ಸೊಲ್ಲಾಪುರಕ್ಕೆ ಮದುವೆಯಾಗಿ ಹೋದ ತಂಗಿಗೆ ಸಮನ್ಸ್ ಮುಟ್ಟಲು ಎರಡು ವರ್ಷ ಹಿಡಿದಿತ್ತು. ಹಾಕಿದ್ದ ವಿಳಾಸವೇ ಹಳೆಯದು. ಒಬ್ಬ ತಮ್ಮ ತೀರಿಕೊಂಡಾಗ ಅವನ ವಾರಸುದಾರರನ್ನು ಸೇರಿಸಲಿಲ್ಲ. ಅದನ್ನು 90 ದಿನದೊಳಗೆ ಮಾಡಬೇಕು. ಮಾಡದಿದ್ದರೆ ಆ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ, ಎತ್ತಿ ನಿಲ್ಲಿಸಲು ಮತ್ತೊಂದು ಅರ್ಜಿ. ಮಿಕ್ಕ ವಾಯಿದೆಗಳಲ್ಲಿ ಅರ್ಧಕ್ಕೂ ಜಾಸ್ತಿ ಕೇಳಿದ್ದು ಅವರದೇ ವಕೀಲರು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಪಟ್ಟಿ ನೋಡಿದರು.

ಒಂದೊಂದು ತಡಕ್ಕೆ ಒಂದೊಂದು ಬಾಗಿಲು

ತಡ ನಿಮ್ಮ ವಕೀಲರದಾದರೆ ಮೊದಲು ಅವರನ್ನೇ ಕೇಳಿ, ಜಗಳ ಬೇಡ. ಆಗಲಿಲ್ಲವೇ, ವಕಾಲತ್ತು ಬದಲಿಸಿ. ಫೀಸು ಬಾಕಿ ಅಂತ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಹೊಸ ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಎದುರಿನವರು ಎಳೆಯುತ್ತಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 17 ನೆನಪಿರಲಿ. ವಿಚಾರಣೆ ಶುರುವಾದ ಮೇಲೆ ಒಂದು ಕಡೆಯವರಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದು, ಕೊಟ್ಟರೂ ಖರ್ಚು ಹಾಕಬೇಕು. ಕೈಮೀರಿದ ಕಾರಣವಿದ್ದರೆ ವಿನಾಯಿತಿ ಇದೆ. ನಿಜ ಹೇಳಬೇಕೆಂದರೆ ಆ ವಿನಾಯಿತಿಯೇ ಈಗ ರೂಢಿ. ಅದಕ್ಕೇ ಪ್ರತಿ ಸಲ ನಿಮ್ಮ ವಕೀಲರು ಎದ್ದು ನಿಂತು ಆಕ್ಷೇಪ ಹೇಳಬೇಕು, ಅದು ಆದೇಶ ಹಾಳೆಯಲ್ಲಿ ಬರಬೇಕು. ಮುಂದೆ ಹೈಕೋರ್ಟಿಗೆ ಹೋದರೆ ಅಲ್ಲಿ ನೋಡುವುದು ಆ ಸಾಲುಗಳನ್ನೇ.

ಕೋರ್ಟಿನದೇ ತಡವಾದರೆ, ಅದೇ ಕೋರ್ಟಿನಲ್ಲಿ ಬೇಗ ವಿಚಾರಣೆ ಕೋರಿ ಒಂದು ಪುಟದ ಅರ್ಜಿ ಹಾಕಿಸಿ. ವಯಸ್ಸಾದವರಾದರೆ ಆಧಾರ್, ಕಾಯಿಲೆ ಇದ್ದರೆ ವೈದ್ಯರ ಚೀಟಿ ಜೊತೆಗಿಡಿ. ಎರಡು ಮಾತು ಅದರಲ್ಲಿರಲಿ. ಒಂದು, ಕರ್ನಾಟಕದ 2005ರ ಕೇಸ್ ನಿರ್ವಹಣಾ ನಿಯಮಗಳು ಪಾಲು ದಾವೆಗೆ ಇಟ್ಟಿರುವ ಗುರಿ 24 ತಿಂಗಳು. ಎರಡು, 2023ರ ಅಕ್ಟೋಬರಿನ ಯಶ್‌ಪಾಲ್ ಜೈನ್ ತೀರ್ಪು. 1982ರಲ್ಲಿ ಶುರುವಾಗಿ ನಾಲ್ಕು ದಶಕ ಎಳೆದ ದಾವೆ ಅದು. ಐದು ವರ್ಷ ದಾಟಿದ ಕೇಸುಗಳ ಮೇಲೆ ಕಣ್ಣಿಡಬೇಕೆಂದು ಸುಪ್ರೀಂ ಕೋರ್ಟ್ ಅದರಲ್ಲಿ ಎಲ್ಲ ಹೈಕೋರ್ಟುಗಳಿಗೆ ಹೇಳಿದೆ.

ಅರ್ಜಿಗೂ ಕದಲದಿದ್ದರೆ ಮಾತ್ರ ಹೈಕೋರ್ಟ್, ಕೆಳಗಿನ ಕೋರ್ಟುಗಳ ಮೇಲೆ ಕಣ್ಣಿಡುವ ಅಧಿಕಾರ ಕೊಡುವ ಸಂವಿಧಾನದ 227ನೇ ವಿಧಿಯಡಿ. ಬೀದರ್, ಯಾದಗಿರಿಯವರೂ ಬೆಂಗಳೂರಿಗೆ ಹೋಗಬೇಕಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಬಂದ ಕಲಬುರಗಿ ಪೀಠ 2013ರಿಂದ ಕಾಯಂ ಆಗಿದೆ. ಆದರೆ ‘ಆರು ತಿಂಗಳಲ್ಲಿ ಮುಗಿಸಿ’ ಎಂಬ ಆದೇಶ ಮೊದಲಿನಷ್ಟು ಸುಲಭಕ್ಕೆ ಸಿಗುವುದಿಲ್ಲ. ಕೆಳಗಿನ ಕೋರ್ಟುಗಳಿಗೆ ಗಡುವು ಹಾಕುವುದು ಅಪರೂಪದ ಸಂದರ್ಭಕ್ಕೆ ಮಾತ್ರ ಎಂದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ನಿಮ್ಮದು ಯಾಕೆ ಅಪರೂಪ ಅಂತ ತೋರಿಸಲು ಆ ನಾಲ್ಕು ಗೆರೆಯ ಪಟ್ಟಿ ಬೇಕು. ಎದುರಿನವರದೇ ತಪ್ಪೆಂದು ಹೇಳಿಕೊಂಡು ಹೋಗಿ, ಹಾಳೆಯಲ್ಲಿ ಅರ್ಧ ವಾಯಿದೆ ನಿಮ್ಮದೇ ಕಂಡರೆ ಅಲ್ಲಿಗೆ ಮುಗಿಯಿತು.

ಡಿಕ್ರಿ ಆದ ಮೇಲಿನ ತಡ

ನಮ್ಮ ಕಡೆ ಜಾಸ್ತಿ ಸಿಕ್ಕಿಕೊಳ್ಳುವುದು ಇಲ್ಲಿ. ಪಾಲು ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿ ಆಗುತ್ತದೆ, ಯಾರಿಗೆ ಎಷ್ಟು ಪಾಲು ಅಂತ. ಹೊಲವನ್ನು ಅಳೆದು ಹಂಚುವ ಕೆಲಸ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 54ರ ಪ್ರಕಾರ ಜಿಲ್ಲಾಧಿಕಾರಿ ಕಡೆಗೆ, ಅಲ್ಲಿಂದ ತಹಸೀಲ್ದಾರರಿಗೆ, ಸರ್ವೆಯವರಿಗೆ ಹೋಗುತ್ತದೆ. ಕಡತ ಅಲ್ಲಿ ಮಲಗಿದರೆ ಕೋರ್ಟನ್ನು ಬೈದು ಫಲವಿಲ್ಲ. ಆ ಕಚೇರಿಯಿಂದ ವರದಿ ತರಿಸಿ ಎಂದು ಕೋರ್ಟಿನಲ್ಲೇ ಅರ್ಜಿ ಹಾಕಿ. ಕಡತ ಯಾವ ಮೇಜಿನಲ್ಲಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಅಂತಿಮ ಡಿಕ್ರಿಯ ಕೆಲಸವನ್ನು ಕೋರ್ಟು ತಾನಾಗಿಯೇ ಮುಂದುವರಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅದನ್ನೂ ನೆನಪಿಸಿ. ಇನ್ನು ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿ ಜಾರಿ ಮಾಡಿಸುವ ಅರ್ಜಿ, ಆರು ತಿಂಗಳಲ್ಲಿ ಮುಗಿಯಬೇಕು ಎನ್ನುವುದು ಸುಪ್ರೀಂ ಕೋರ್ಟಿನ 2021ರ ತೀರ್ಪು.

ಆ ಹಿರಿಯರಿಗೆ ಆಯೋಗದ ಅರ್ಜಿ ಬರೆದು ಕೊಡಲಿಲ್ಲ. ತೀರಿಕೊಂಡ ತಮ್ಮನ ಹೆಂಡತಿ-ಮಕ್ಕಳ ಹೆಸರು, ತಂಗಿಯ ಈಗಿನ ವಿಳಾಸ ಒಂದು ಹಾಳೆಯಲ್ಲಿ ಬರೆಸಿ ಕಳಿಸಿದೆ. ಹೊರಡುವಾಗ, ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಆಮೇಲೆ ಅಪೀಲೂ ಇಲ್ಲ ಎಂದೆ. ‘ಅಪೀಲ್ ಇಲ್ಲೇನ್ರಿ?’ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡು ಹೋದರು.