ಖಡ್ಗಕ್ಕೆ ಹಿಡಿ, ಕೊಡಲಿಗೆ ಕಾವು: ನನ್ನ ಅನುಭವ

ಹಾವೇರಿ, ಗದಗ ಸೀಮೆಯ ಕಬ್ಬಿಣಗೆಲಸದ ಪದಗಳನ್ನು ಬಹಳ ವರ್ಷಗಳಿಂದ ಕೂಡಿಹಾಕುತ್ತಿರುವ ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು ‘ಹಿಡಿ’ ಎಂಬ ಎರಡಕ್ಷರದ ಮಾತು. ಆ ಪದಗಳ ಪುಸ್ತಿಕೆಯಲ್ಲಿ ಖಡ್ಗದ ಹಿಡಿಗೆ ಪ್ರತ್ಯೇಕ ನಮೂದು ಬೇಕೆಂದಾಗ ಜೊತೆಗಾರರು ನಕ್ಕರು. ಹಿಡಿ, ಹಿಡಿಕೆ, ಕಾವು ಎಲ್ಲವೂ ಒಂದೇ ಎಂದರು. ನಾನೂ ಹಾಗೆಯೇ ಬರೆದೆ. ಸುಮಾರು ಎರಡು ಸಾವಿರ ರೂಪಾಯಿ ಸುರಿದು ಅಚ್ಚು ಹಾಕಿಸಿದ ಆ ಪುಸ್ತಿಕೆಯನ್ನು ಹಾನಗಲ್ಲ ಕಡೆಯ ಕಮ್ಮಾರರೊಬ್ಬರಿಗೆ ಓದಿ ಹೇಳಿದಾಗ, ಅವರು ತಿದಿ ನಿಲ್ಲಿಸಿ, “ತಲವಾರಕ್ಕ ಯಾರರೆ ಕಾವು ಹಾಕ್ತಾರೇನ್ರಿ ಸರ, ಅದೇನು ಕೊಡಲಿ ಏನು?” ಎಂದರು. ಉಳಿದ ಪ್ರತಿಗಳು ಇಂದಿಗೂ ಅಟ್ಟದ ಮೇಲಿವೆ.

ತಪ್ಪು ನನ್ನ ಕೇಳುವ ರೀತಿಯಲ್ಲಿತ್ತು. ಬೆರಳಿಟ್ಟು ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದರೆ, ಮೇಷ್ಟ್ರಿಗೆ ಪುಸ್ತಕದ ಮಾತು ಬೇಕಿರಬಹುದೆಂದು ಎಲ್ಲರೂ ‘ಹಿಡಿಕೆ’ ಎನ್ನುತ್ತಿದ್ದರು. ಆದ್ದರಿಂದ ಖಂಡೇನವಮಿಗೆ ಮುಂಚೆ, ಮನೆಮನೆಯ ತಲವಾರಗಳು ದುರಸ್ತಿಗೆ ಬರುವ ಹೊತ್ತಿನಲ್ಲಿ, ಕುಲುಮೆಯ ಪಕ್ಕ ಏನೂ ಕೇಳದೆ ಕುಳಿತೆ. ಚಹಾಕ್ಕೆ ಐದಾರು ನೂರು ಹೋಗಿರಬೇಕು. ಸಡಿಲಾದ ಹಿಡಿಯನ್ನು ಕೆಂಡಕ್ಕೆ ಒಡ್ಡಿ, ಒಳಗಿನ ಅರಗು ಕರಗಿದೊಡನೆ ಅಲಗನ್ನು ಜಗ್ಗಿ ತೆಗೆದು, ಇಟ್ಟಂಗಿಯ ಪುಡಿ ಬೆರೆಸಿದ ಹೊಸ ಅರಗನ್ನು ತುಂಬಿ ಅಲಗಿನ ಬಾಲವನ್ನು ಮತ್ತೆ ಕೂರಿಸುವಾಗ, ಅದೇ ಕಮ್ಮಾರರು ಮಗನಿಗೆ, “ಹಿಡಿ ಅಲಗ ನುಂಗಬೇಕು, ಕಾವನ್ನ ಕೊಡಲಿ ನುಂಗತೈತಿ” ಎಂದು ಗದರಿಸಿದರು. ನನಗೆ ಬೇಕಾದದ್ದು ಅಷ್ಟೇ. ಕಬ್ಬಿಣವನ್ನು ಒಳಗೆ ತೆಗೆದುಕೊಳ್ಳುವುದು ಹಿಡಿ, ಕಬ್ಬಿಣದೊಳಗೆ ಹೋಗುವುದು ಕಾವು. ಆದ್ದರಿಂದಲೇ ಕುಡಗೋಲಿಗೆ ಹಿಡಿ, ಗುದ್ದಲಿಗೆ ಕಾವು.

ಸಂಸ್ಕೃತ ಬಲ್ಲ ಗೆಳೆಯರು ಅಮರಕೋಶದ ‘ತ್ಸರು’ವನ್ನು ಮುಂದಿಟ್ಟರು. ಅಲ್ಲಿಯೂ ಅರ್ಥ ‘ಖಡ್ಗಾದಿಮುಷ್ಟೌ’ ಎಂದೇ ಇದೆ. ಮುಷ್ಟಿ ಎಂದರೆ ಬಿಗಿದ ಕೈಯೂ ಹೌದು, ಖಡ್ಗದ ಹಿಡಿಯೂ ಹೌದು; ಒಂದು ಹಿಡಿ ಅಕ್ಕಿ ಎನ್ನುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಹುರುಪಿನಲ್ಲಿ ‘ಕಬ್ಜಾ’ದ ಬೆನ್ನು ಹತ್ತಿದೆ. ಉರ್ದುವಿನಲ್ಲಿ ಖಡ್ಗದ ಹಿಡಿಗೆ ಈ ಪದವೇ ಇದೆ. ಹುಬ್ಬಳ್ಳಿಯ ಕೋರ್ಟಿನ ಸುತ್ತ ಸುಮಾರು ಮೂವತ್ತು ಮಂದಿಯನ್ನು ಕೇಳಿದೆ. ಎಲ್ಲರೂ ಹೊಲ, ಪ್ಲಾಟು, ವ್ಯಾಜ್ಯ ಎಂದರೇ ಹೊರತು ಖಡ್ಗದ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಎರಡು ದಿನ ಮತ್ತು ಬಸ್ಸಿನ ಖರ್ಚು ವ್ಯರ್ಥವಾಯಿತೆಂದುಕೊಂಡು ಮರಳುವಾಗ, ನಮ್ಮ ‘ಹಿಡಿ’ಯೂ ‘ಹಿಡುವಳಿ’ಯಾಗಿ ಹೊಲಕ್ಕೇ ಹೋಗಿದೆಯಲ್ಲ ಎಂದು ಹೊಳೆಯಿತು. ಅದನ್ನು ಬರೆದಿಟ್ಟ ಟಿಪ್ಪಣಿಯನ್ನು ಮೊದಲು ನಕ್ಕವರೇ ಈಗ ಕೇಳಿ ಪಡೆಯುತ್ತಾರೆ.

ಒಂದು ಕಡೆ ಮಾತ್ರ ಸೋತಿದ್ದೇನೆ. ಭರ್ಚಿಯಲ್ಲಿಯೂ ಮರವನ್ನು ಕಬ್ಬಿಣವೇ ನುಂಗುವುದರಿಂದ ಅದಕ್ಕೆ ಕಾವು ಎನ್ನಬೇಕೆಂದು ನಾನು ವಾದಿಸಿದಾಗ, ಕಮ್ಮಾರರು ತಲೆ ಎತ್ತದೆಯೇ, “ಅದಕ್ಕ ಕೋಲು ಅಂತಾರ್ರೀ” ಎಂದುಬಿಟ್ಟರು.