ಗ್ಯಾದರಿಂಗ್ ನಾಟಕದ ಲೈಟು, ಸೆಟ್ಟು ಮಕ್ಕಳೇ ಮಾಡಲಿ: ಕಲಿಸುವುದು ಹೀಗೆ

ನಮ್ಮ ಶಿರಸಿ ಕಡೆ ಹೈಸ್ಕೂಲುಗಳಲ್ಲಿ ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಬಂತೆಂದರೆ ಪಾತ್ರ ಸಿಗದ ಮಕ್ಕಳಿಗೆ ‘ನೀವು ಪರದೆ ಎಳೀರಿ’ ಅಂದುಬಿಡುತ್ತಾರೆ. ನನಗೆ ಅದು ಬೇಜಾರು. ಹವ್ಯಾಸಿ ತಂಡಗಳ ನಾಟಕಕ್ಕೆ ಲೈಟು ಹಾಕುವವನು ನಾನು. ಶಾಲೆಗೆ ಕರೆದರೆ ಒಂದೇ ಮಾತು ಕೇಳುತ್ತೇನೆ: ಈ ಕೆಲಸ ಬೇಕು ಅಂತ ಕೈ ಎತ್ತಿದ ಆರು ಮಕ್ಕಳನ್ನು ಕೊಡಿ, ನಾಟಕ ಓದುವ ಮೊದಲ ದಿನದಿಂದಲೇ ಕೊಡಿ.

ಶುರುವಿಗೆ ದೊಡ್ಡ ಲೈಟು ಬೇಡ. ಎರಡು ಟಾರ್ಚು ಸಾಕು. ಕಿಟಕಿ ಮುಚ್ಚಿ, ಒಬ್ಬಳನ್ನು ಸ್ಟೂಲಿನ ಮೇಲೆ ಕೂರಿಸಿ. ಟಾರ್ಚನ್ನು ಗಲ್ಲದ ಕೆಳಗೆ ಹಿಡಿದರೆ ಮುಖ ದೆವ್ವದ ಹಾಗೆ. ನೇರ ಎದುರಿಗೆ ಹಿಡಿದರೆ ಚಪ್ಪಟೆ. ನೆತ್ತಿಯ ಮೇಲೆ ಹಿಡಿದರೆ ಕಣ್ಣಿನ ಜಾಗದಲ್ಲಿ ಕಪ್ಪು ಗುಳಿ. ಈಗ ಎರಡೂ ಟಾರ್ಚನ್ನು ಎಡಕ್ಕೊಂದು ಬಲಕ್ಕೊಂದು, ಸುಮಾರು 45 ಡಿಗ್ರಿ ಓರೆಯಾಗಿ, ಅಷ್ಟೇ ಡಿಗ್ರಿ ಮೇಲಿನಿಂದ ಹಿಡಿಯಿರಿ. ಮೂಗು ಎದ್ದು ಬರುತ್ತದೆ, ಕಣ್ಣು ಮಾತಾಡುತ್ತದೆ. ವಿವರಿಸುವ ಅಗತ್ಯವೇ ಇಲ್ಲ, ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಬಣ್ಣವನ್ನೂ ಹೀಗೇ ತೋರಿಸಿ. ಟಾರ್ಚಿಗೆ ಕೆಂಪು ಜಿಲೇಟಿನ್ ಪೇಪರ್ ಕಟ್ಟಿ ಹಸಿರು ಸೀರೆಯ ಮೇಲೆ ಬಿಡಿ, ಸೀರೆ ಕಪ್ಪಗಾಗುತ್ತದೆ. ಬಯಲಾಟದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೂತು ವೇಷ ಕಟ್ಟುವುದನ್ನು ನೋಡಿದ ಮಕ್ಕಳು ನಮ್ಮವರು. ಬಣ್ಣಕ್ಕೂ ಬೆಳಕಿಗೂ ಇರುವ ನಂಟು ಅವರಿಗೆ ಬೇಗ ಹಿಡಿಯುತ್ತದೆ. ಆದರೆ ಅಂಗಡಿಯ ಆ ಪೇಪರ್ ಟಾರ್ಚಿಗೆ ಮಾತ್ರ. ದೊಡ್ಡ ದೀಪದ ಬಿಸಿಗೆ ಕರಗಿ ಹೋಗುತ್ತದೆ.

ಇನ್ನು ಕರೆಂಟು. ಇಲ್ಲಿ ಅವಸರ ಮಾಡಲೇಬೇಡಿ. 10ನೇ ತರಗತಿಯ ವಿದ್ಯುತ್ ಪಾಠವನ್ನೇ ಬೋರ್ಡಿನ ಮೇಲೆ ಬರೆಸಿ. 1000 ವ್ಯಾಟಿನ ಪಾರ್ ಲೈಟು (ರಂಗದ ಮೇಲೆ ಬಳಸುವ ಡಬ್ಬಿಯಂಥ ದೊಡ್ಡ ದೀಪ), 230 ವೋಲ್ಟು. ಭಾಗಿಸಿದರೆ 4.3 ಆಂಪಿಯರ್ ಚಿಲ್ಲರೆ. 6 ಆಂಪಿಯರ್ ಸಾಕೆಟ್ಟಿಗೆ ಒಂದು ದೀಪ ಸರಿ, ಎರಡು ಹಾಕಿದರೆ 8.7, ಆಗದು. ಒಂದು ಶಾಲೆಯಲ್ಲಿ ಈ ಲೆಕ್ಕ ಬಿಟ್ಟು ಎರಡು ಸಿಕ್ಕಿಸಿದ್ದರು. ಎರಡನೇ ದೃಶ್ಯದಲ್ಲಿ ಪ್ಲಗ್ಗು ಕರಗಿದ ವಾಸನೆ ಬಂತು; ಪಕ್ಕದಲ್ಲೇ ಬಟ್ಟೆಯ ಪರದೆ. ಅವತ್ತಿನ ಭಯ ನನಗಿನ್ನೂ ಹೋಗಿಲ್ಲ. ಲೆಕ್ಕ ಮಕ್ಕಳು ಮಾಡಲಿ, ಮೇನ್ ಬೋರ್ಡು ಎಲೆಕ್ಟ್ರಿಷಿಯನ್ನೇ ಮುಟ್ಟಲಿ. ಏಣಿ ಹತ್ತುವುದೂ ದೊಡ್ಡವರೇ, ಕೆಳಗೊಬ್ಬರು ಏಣಿ ಹಿಡಿದಿರಬೇಕು.

ಸೆಟ್ಟಿಗೆ ರೀಪಿನ ಚೌಕಟ್ಟು, ಹಳೇ ಕಾಟನ್ ಸೀರೆ, ಕೆಮ್ಮಣ್ಣು ಸಾಕು. 8 ಅಡಿಗೆ 4 ಅಡಿಯ ಚೌಕಟ್ಟು ಹೊಡೆದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿಸಿ. ಎರಡೂ ಅಳತೆ ಒಂದೇ ಬಂದರೆ ಮೂಲೆಗಳು ನೇರ.

ಎಲ್ಲಕ್ಕಿಂತ ಜಾಸ್ತಿ ಸಮಯ ನಾನು ಕೊಡುವುದು ಕ್ಯೂ ಪುಸ್ತಕಕ್ಕೆ. ಕ್ಯೂ ಅಂದರೆ ಯಾವ ಮಾತಿಗೆ ಯಾವ ಲೈಟು, ಸೌಂಡು ಬರಬೇಕು ಅನ್ನುವ ಸೂಚನೆ. ನಾಟಕದ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಸಿ: ‘ಕ್ಯೂ 7. “ಆಯಿ, ಬಾಗ್ಲು ತೆಗಿ” ಅಂದ ಕೂಡಲೇ ಬಾಗಿಲ ಲೈಟು, ಐದು ಎಣಿಸುವಷ್ಟರಲ್ಲಿ ಪೂರ್ತಿ.’ ಪೆನ್ನು ಬೇಡ, ತಾಲೀಮಿನಲ್ಲಿ ಹತ್ತು ಸಲ ಬದಲಾಗುತ್ತದೆ. ಪುಸ್ತಕ ಒಬ್ಬರ ಕೈಯಲ್ಲೇ ಇರಲಿ. ಅವರು ‘ರೆಡಿ’ ಅನ್ನಬೇಕು, ಆಮೇಲೆ ‘ಗೋ’. ಗೋ ಕೇಳುವ ತನಕ ಯಾರ ಕೈಯೂ ಅಲ್ಲಾಡಬಾರದು. ಮೇಷ್ಟ್ರೂ ಮಧ್ಯೆ ಕೂಗಬಾರದು. ಸೌಂಡಿನವರೂ ಇದೇ ಪುಸ್ತಕ ಅನುಸರಿಸಲಿ.

ಕೊನೆಯ ತಾಲೀಮಿನಲ್ಲಿ ಹೇಳದೆ ಕೇಳದೆ ಒಮ್ಮೆ ದೀಪ ಆರಿಸಿ. ನಮ್ಮೂರಲ್ಲಿ ಕರೆಂಟ್ ಹೋಗುವುದು ಹೊಸದಲ್ಲವಲ್ಲ. ಹೋದ ವರ್ಷ ಒಂದು ಗ್ಯಾದರಿಂಗಿನಲ್ಲಿ ನಿಜಕ್ಕೂ ಹೋಯಿತು. ಕ್ಯೂ ಪುಸ್ತಕ ಹಿಡಿದಿದ್ದ ಒಂಬತ್ತನೇ ತರಗತಿಯ ಹುಡುಗಿ ಮೆಲ್ಲಗೆ ‘ಟಾರ್ಚು, ರೆಡಿ’ ಅಂದಳು. ಇಬ್ಬರು ಹುಡುಗರು ಎರಡೂ ಬದಿಯ ಬೆಂಚು ಹತ್ತಿ ನಿಂತರು. ‘ಗೋ.’ ಎಡಕ್ಕೊಂದು, ಬಲಕ್ಕೊಂದು, ಮೊದಲ ದಿನ ಕಲಿತ ಹಾಗೆಯೇ. ಮುಂದಿನ ಮಾತು ಒಂದೂ ತಪ್ಪಲಿಲ್ಲ.